ಓಟಿಲ್ಲದವರು ಸಾಲ್ಮನ್ ಪರ ಶಾಸಕರ ಹತ್ತಿರ ಹೋದರೆ ಕೇಳ್ತಾರಾ?

ಪ್ರಶ್ನೆ: ನಾವು ಸಿಯಾಟಲ್ ಹತ್ತಿರದ ಸಮಾಮಿಶ್‌ನಲ್ಲಿ ಆರು ವರ್ಷದಿಂದ ಇದ್ದೇವೆ. ಅಕ್ಟೋಬರಿನಲ್ಲಿ ಮಗಳನ್ನು ಇಸಾಕ್ವಾ ಹ್ಯಾಚರಿಗೆ (ಮೀನಿನ ಮರಿ ಮಾಡಿ ಬಿಡುವ ಜಾಗ) ಕರೆದುಕೊಂಡು ಹೋಗಿದ್ದೆ. ಸಾಲ್ಮನ್ ಮೀನು ಹಳ್ಳದಲ್ಲಿ ಮೇಲಕ್ಕೆ ಹತ್ತುವುದನ್ನು ನೋಡಿ ಬಂದಾಗಿನಿಂದ "ಇವು ಕಮ್ಮಿ ಆಗ್ತಿವೆಯಂತೆ, ನೀನೇನು ಮಾಡ್ತೀಯಪ್ಪಾ" ಎಂದು ಕೇಳುತ್ತಲೇ ಇದ್ದಾಳೆ. ಇಲ್ಲಿನ ಶಾಸಕರಿಗೆ ಬರೆಯೋಣ ಅಂದುಕೊಂಡೆ. ಆದರೆ ನಾನು ಎಚ್-1ಬಿ ವೀಸಾದಲ್ಲಿರುವವನು, ಓಟಿಲ್ಲ. ನಮ್ಮ ಮಾತು ಕೇಳ್ತಾರಾ? ವೀಸಾಗೆ ತೊಂದರೆ ಆಗುತ್ತಾ? ಯಾರನ್ನು ಏನು ಕೇಳಬೇಕು ಅಂತಲೂ ಗೊತ್ತಿಲ್ಲ.

ಉತ್ತರ:

ಮೊದಲು ವೀಸಾ ವಿಷಯ ಮುಗಿಸಿಬಿಡೋಣ, ಇಲ್ಲದಿದ್ದರೆ ಉಳಿದದ್ದು ತಲೆಗೆ ಹೋಗುವುದಿಲ್ಲ. ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವ ಹಕ್ಕನ್ನು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 'ಜನ'ರಿಗೆ ಕೊಟ್ಟಿದೆ, 'ನಾಗರಿಕರಿಗೆ' ಅಂತ ಬರೆದಿಲ್ಲ. ನೀವು ಶಾಸಕರಿಗೆ ಪತ್ರ ಬರೆಯಬಹುದು, ಹೋಗಿ ಭೇಟಿ ಮಾಡಬಹುದು, ಶಾಸನಸಭೆಯ ಸಮಿತಿಯ ಮುಂದೆ ಮಾತಾಡಬಹುದು. ಮಾಡಬಾರದ್ದು ಎರಡು. ಒಂದು, ಓಟು ಹಾಕಬಾರದು, ಮತದಾರರ ಪಟ್ಟಿಗೆ ಹೆಸರು ಸೇರಿಸಲೂ ಹೋಗಬಾರದು. ಇನ್ನೊಂದು, ಚುನಾವಣೆಗೆ ನಿಂತವರಿಗೆ ದುಡ್ಡು ಕೊಡಬಾರದು. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಹತ್ತು ಡಾಲರ್ ಕೊಟ್ಟರೂ ಅದು ತಪ್ಪೇ. ಯಾರದೋ ಮನೆಯ ಟೀ ಪಾರ್ಟಿಗೆ ಕರೆದು ಮೇಜಿನ ಮೇಲೆ ಡಬ್ಬ ಇಟ್ಟಿರುತ್ತಾರೆ, ಅಲ್ಲಿ ಹುಷಾರು. ಇನ್ನು ಇಷ್ಟೆಲ್ಲ ಹೇಳಿದ ಮೇಲೂ ಈಗಿನ ಕಾಲದಲ್ಲಿ ಹೆದರಿಕೆ ಆಗುವುದು ಸಹಜ, ನಾನು ವಕೀಲನೂ ಅಲ್ಲ. ಮನಸ್ಸು ಅಳುಕಿದರೆ ನಿಮ್ಮ ಇಮಿಗ್ರೇಶನ್ ವಕೀಲರಿಗೆ ಒಂದು ಇಮೇಲ್ ಹಾಕಿ ಕೇಳಿ. ಸಮಿತಿಗೆ ಬರೆದುಕೊಟ್ಟದ್ದು ಸಾರ್ವಜನಿಕ ದಾಖಲೆ ಆಗುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಅದರಲ್ಲಿ ವೀಸಾ, ಕಂಪನಿ, ಮಗಳ ಶಾಲೆಯ ಹೆಸರು ಎಲ್ಲ ಬರೆಯುವ ಅಗತ್ಯವೇ ಇಲ್ಲ.

ಕೇಳ್ತಾರಾ ಅಂದಿರಿ. ಇಷ್ಟು ವರ್ಷದಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯದ ಶಾಸಕರ ಕಚೇರಿಗಳಲ್ಲಿ ಓಟಿದೆಯಾ ಅಂತ ನನ್ನನ್ನು ಯಾರೂ ಕೇಳಿಲ್ಲ. ಮನೆ ಎಲ್ಲಿ ಅಂತ ಎಲ್ಲರೂ ಕೇಳಿದ್ದಾರೆ. ಸಹಾಯಕರು ನಿಮ್ಮ ಇಮೇಲ್ ತೆಗೆದ ತಕ್ಷಣ ನೋಡುವುದು ವಿಳಾಸ. ಅದು ಅವರ ಕ್ಷೇತ್ರದ್ದಾಗಿದ್ದರೆ ಒಂದು ಕಡೆ, ಇಲ್ಲದಿದ್ದರೆ ಇನ್ನೊಂದು ಕಡೆ. ಅದಕ್ಕೇ ಮೊದಲ ಸಾಲಿನಲ್ಲೇ ಬರೆಯಿರಿ, ನಾನು ನಿಮ್ಮ ಕ್ಷೇತ್ರದಲ್ಲಿ ಇಷ್ಟು ವರ್ಷದಿಂದ ಇದ್ದೇನೆ ಅಂತ.

ಈಗ ಮುಖ್ಯ ವಿಷಯ. ಏನು ಕೇಳಬೇಕು?

ನನ್ನ ಕಥೆ ಹೇಳುತ್ತೇನೆ. ನಾನು ಮಳೆನೀರಿನ ಕೆಲಸದವನು. ರಸ್ತೆಯಿಂದ ಹರಿಯುವ ನೀರು ಹಳ್ಳ ಸೇರುವ ಮುಂಚೆ ಅದನ್ನು ಹೇಗೆ ಸೋಸುವುದು, ಹಳ್ಳ ರಸ್ತೆ ದಾಟುವ ಕಡೆ ಮೋರಿ ಹೇಗಿರಬೇಕು, ಇದೇ ನನ್ನ ದಿನದ ಪಾಡು. ಮೊದಲ ಸಲ ಒಲಿಂಪಿಯದಲ್ಲಿ ಒಂದು ಸಮಿತಿಯ ಮುಂದೆ ಮಾತಾಡಲು ಹೋದಾಗ ಎಂಟು ನಿಮಿಷದ ಭಾಷಣ ಬರೆದುಕೊಂಡಿದ್ದೆ. ಸಾಲ್ಮನ್ ಈ ನಾಡಿನ ಜೀವ, ಕಾಡು, ತಿಮಿಂಗಿಲ, ಮುಂದಿನ ಪೀಳಿಗೆ, ಎಲ್ಲ ಇತ್ತು. ಅವತ್ತು ಹೆಸರು ಕೊಟ್ಟವರು ಜಾಸ್ತಿ ಇದ್ದರು, ಅಧ್ಯಕ್ಷರು ಒಬ್ಬೊಬ್ಬರಿಗೆ ಒಂದು ನಿಮಿಷ ಅಂದರು. ನಾನು ಕಾಡಿನ ಹತ್ತಿರ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ನನ್ನ ನಂತರ ಬಂದ ಹೆಂಗಸು ಒಂದು ಫೋಟೋ ಎತ್ತಿ ಹಿಡಿದರು. ತಮ್ಮ ಮನೆ ಹಿಂದಿನ ಹಳ್ಳದ ಮೋರಿ. ಇದು ಕೌಂಟಿಯದ್ದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಇದರಿಂದ ಮೇಲೆ ಇಷ್ಟು ಮೈಲಿ ಹಳ್ಳ ಮೀನಿಗೆ ಮುಚ್ಚಿದೆ, ತೆಗೆಯಬೇಕಾದ ಮೋರಿಗಳ ಪಟ್ಟಿಯಲ್ಲಿ ಇಂಥ ನಂಬರಿನಲ್ಲಿದೆ, ಆ ಪಟ್ಟಿಗೆ ದುಡ್ಡು ಕಡಿಮೆ ಮಾಡಬೇಡಿ ಅಂದರು. ನಲವತ್ತು ಸೆಕೆಂಡ್ ಆಯಿತು ಅಷ್ಟೇ. ಮೂವರು ಸದಸ್ಯರು ತಲೆ ಎತ್ತಿ ಬರೆದುಕೊಂಡರು.

ಸಾಲ್ಮನ್ ಬೇಡ ಅನ್ನುವ ಶಾಸಕ ವಾಷಿಂಗ್ಟನ್ ರಾಜ್ಯದಲ್ಲಿ ನಿಮಗೆ ಸಿಗುವುದಿಲ್ಲ. ಎಲ್ಲರ ಕಚೇರಿ ಗೋಡೆಯ ಮೇಲೂ ಮೀನಿನ ಚಿತ್ರ ಇರುತ್ತದೆ. ಹಾಗಾಗಿ 'ಸಾಲ್ಮನ್ ಉಳಿಸಿ' ಅಂತ ಹೇಳಿದರೆ ಅವರು 'ಖಂಡಿತ' ಅಂದು ಕೈ ಕುಲುಕಿ ಕಳಿಸುತ್ತಾರೆ. ಅವರ ಹತ್ತಿರ ಇಲ್ಲದಿರುವುದು ತಮ್ಮದೇ ಕ್ಷೇತ್ರದವರೊಬ್ಬರು ಬಂದು ಬಜೆಟ್ಟಿನ ಯಾವ ಸಾಲು, ಯಾವ ಹಳ್ಳ ಅಂತ ಬೆರಳಿಟ್ಟು ತೋರಿಸುವುದು. ಅದನ್ನು ನೀವು ಕೊಡಬೇಕು.

ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಪ್ಯೂಜಿಟ್ ಸೌಂಡ್ ಅಂದರೆ ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಒಳಸಮುದ್ರ. ಸಿಯಾಟಲ್, ಟಕೋಮ, ಎವರೆಟ್, ಒಲಿಂಪಿಯ ಎಲ್ಲ ಇದರ ದಡದಲ್ಲೇ ಇವೆ. ಸಾಲ್ಮನ್ ಹಳ್ಳದ ಸಿಹಿನೀರಿನಲ್ಲಿ ಹುಟ್ಟಿ, ಅಳಿವೆಯಲ್ಲಿ ಉಪ್ಪುನೀರಿಗೆ ಮೈ ಒಗ್ಗಿಸಿಕೊಂಡು, ಕಡಲಿಗೆ ಹೋಗಿ ದೊಡ್ಡದಾಗಿ, ಹುಟ್ಟಿದ ಹಳ್ಳದ ವಾಸನೆ ಹಿಡಿದು ವಾಪಸ್ ಬಂದು ಮೊಟ್ಟೆ ಇಟ್ಟು ಸಾಯುತ್ತದೆ. ಇಲ್ಲಿನ ಶಿನೂಕ್ ಜಾತಿಯನ್ನು 1999ರಲ್ಲಿ, ಸ್ಟೀಲ್‌ಹೆಡ್ ಅನ್ನುವ ಅದರ ಬಳಗದ ಮೀನನ್ನು 2007ರಲ್ಲಿ ಫೆಡರಲ್ (ಅಂದರೆ ಅಮೆರಿಕದ ಕೇಂದ್ರ) ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಶಿನೂಕ್ ತಿಂದೇ ಬದುಕುವ ಇಲ್ಲಿನ ಓರ್ಕಾ ತಿಮಿಂಗಿಲಗಳು 2005ರಲ್ಲಿ ಪಟ್ಟಿ ಸೇರಿದವು. ಅವು ಈಗ ಎಪ್ಪತ್ತರ ಆಸುಪಾಸಿನಲ್ಲಿವೆ. 2018ರಲ್ಲಿ ತಾಲೆಕ್ವಾ ಅನ್ನುವ ತಾಯಿ ಓರ್ಕಾ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದ್ದು ನೀವೂ ಸುದ್ದಿಯಲ್ಲಿ ನೋಡಿರಬಹುದು.

ನೀವು ಇಸಾಕ್ವಾದಲ್ಲಿ ನೋಡಿದ ಮೀನು ಬಂದ ದಾರಿ ಹೇಳುತ್ತೇನೆ, ಮಗಳಿಗೂ ಹೇಳಿ. ಕಡಲಿನಿಂದ ಬ್ಯಾಲರ್ಡ್ ಲಾಕ್ಸ್‌ಗೆ (ಕಡಲಿಗೂ ಕೆರೆಗೂ ಮಧ್ಯೆ ದೋಣಿ ದಾಟಿಸುವ ಗೇಟು) ಬಂದು ಅಲ್ಲಿನ ಮೀನಿನ ಏಣಿ ಹತ್ತಿ, ಕಾಲುವೆಯ ಬಿಸಿ ನೀರು ದಾಟಿ, ಲೇಕ್ ಯೂನಿಯನ್, ಲೇಕ್ ವಾಷಿಂಗ್ಟನ್ ಕಳೆದು, ಬಾತೆಲ್, ವುಡಿನ್‌ವಿಲ್, ರೆಡ್ಮಂಡ್ ಮಧ್ಯೆ ಹರಿಯುವ ಸಮಾಮಿಶ್ ಹೊಳೆ ಏರಿ, ಲೇಕ್ ಸಮಾಮಿಶ್ ಈಜಿ ಇಸಾಕ್ವಾ ಹಳ್ಳಕ್ಕೆ ಬರುತ್ತವೆ. ಮೇರಿಮೂರ್ ಪಾರ್ಕಿನಲ್ಲಿ ನಮ್ಮವರು ಶನಿವಾರ ಕ್ರಿಕೆಟ್ ಆಡುತ್ತಾರಲ್ಲ, ಅದರ ಪಕ್ಕದಲ್ಲೇ ಹೋಗಿರುತ್ತವೆ, ಯಾರಿಗೂ ಗೊತ್ತಿರುವುದಿಲ್ಲ. ಒಂದು ಎಚ್ಚರಿಕೆ. ಇಸಾಕ್ವಾದಲ್ಲಿ ಕಾಣುವುದು ಬಹುಪಾಲು ಹ್ಯಾಚರಿಯಲ್ಲಿ ಮರಿ ಮಾಡಿ ಬಿಟ್ಟ ಮೀನು. ಅದನ್ನೇ ತೋರಿಸಿ ಕಾಡು ಮೀನು ಕಡಿಮೆಯಾಗಿದೆ ಅಂತ ವಾದ ಮಾಡಿದರೆ ಬಲ್ಲ ಶಾಸಕರು ಅಲ್ಲೇ ತಿದ್ದುತ್ತಾರೆ.

ಮೀನಿಗೆ ಏನೇನು ಅಡ್ಡಿ ಅಂತ ಪಟ್ಟಿ ಮಾಡಿದರೆ ದಿನ ಸಾಲದು. ಅಣೆಕಟ್ಟು, ಅಳಿವೆಗೆ ಕಟ್ಟಿದ ಒಡ್ಡು, ದಡಕ್ಕೆ ಹಾಕಿದ ಕಾಂಕ್ರೀಟ್ ಗೋಡೆ, ನೆರಳಿಲ್ಲದೆ ಕಾಯುವ ಹೊಳೆ, ಊರಿನ ಕೊಳೆ. ನಿಮ್ಮಂಥವರು ಹಿಡಿಯಬಹುದಾದದ್ದು ಎರಡು ಅಂತ ನನ್ನ ಅನುಭವ. ಒಂದು ಮೋರಿ, ಇನ್ನೊಂದು ಟೈರು.

ಮೋರಿಯನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಹತ್ತುಮೀನು ಅನ್ನುತ್ತೇವಲ್ಲ, ಅದೇ ಆಟ ಇಲ್ಲಿ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ಮಧ್ಯೆ ರಸ್ತೆ ಬಂತು, ಕೆಳಗೆ ಒಂದು ಸಣ್ಣ ಪೈಪು ಹಾಕಿದರು. ಹಳ್ಳದ ನೀರೆಲ್ಲ ಆ ಪೈಪಿನಲ್ಲಿ ಒತ್ತಿಕೊಂಡು ರಭಸವಾಗಿ ಹೊರಗೆ ಬೀಳುತ್ತದೆ. ವರ್ಷ ಕಳೆದಂತೆ ಬಿದ್ದ ಜಾಗದಲ್ಲಿ ಗುಂಡಿ ಕೊರೆದು ಪೈಪಿನ ಬಾಯಿ ಗಾಳಿಯಲ್ಲಿ ಉಳಿಯುತ್ತದೆ. ನೀರು ಸುಮಾರು 24 ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ ರಾಜ್ಯದ ಮೀನು ಇಲಾಖೆ ಅದನ್ನು ಅಡ್ಡಿ ಅಂತಲೇ ಗುರುತು ಹಾಕುತ್ತದೆ. ಒಂದು ಗೇಣು ಅಂದುಕೊಳ್ಳಿ. ದೊಡ್ಡ ಸಾಲ್ಮನ್ ಒಂದು ಗೇಣು ಹಾರುವುದಿಲ್ಲವಾ ಅಂತ ಕೇಳುತ್ತಾರೆ. ಹಾರುತ್ತದೆ, ಹಾರಿ ಒಳಗೆ ಬಿದ್ದರೆ ಮುಂದೆ ನುಣುಪಾದ ಪೈಪು, ನಿಲ್ಲಲು ಒಂದು ಕಲ್ಲಿಲ್ಲ, ವಾಪಸ್ ಗುಂಡಿಗೆ. ನವೆಂಬರಿನಲ್ಲಿ ಇಂಥ ಒಂದು ಮೋರಿ ಹತ್ತಿರ ಕೊಡೆ ಹಿಡಿದು ಅರ್ಧ ಗಂಟೆ ನಿಂತಿದ್ದೆ. ಒಂದೇ ಹೆಣ್ಣು ಕೋಹೋ (ಇದೂ ಸಾಲ್ಮನ್ನಿನ ಒಂದು ಜಾತಿ), ಬಾಲ ಸವೆದು ಬಿಳಿಯಾಗಿತ್ತು. ಒಂಬತ್ತು ಸಲ ಎಣಿಸಿದೆ, ಆಮೇಲೆ ಎಣಿಸುವುದು ಬಿಟ್ಟೆ. ಹೋಗಲಿ, ಹೊರಟು ನಿಂತ ಮರಿಗಳ ಗತಿ? ಅವು ಬೆರಳುದ್ದ ಇರುತ್ತವೆ, ಹಳ್ಳದಲ್ಲಿ ಮೇಲೆ ಕೆಳಗೆ ಓಡಾಡಿಕೊಂಡೇ ಬೆಳೆಯಬೇಕು.

ಈ ಮೋರಿ ಮೇಲೆ ದೊಡ್ಡ ಮೊಕದ್ದಮೆಯೇ ನಡೆದಿದೆ, ಗೊತ್ತಾ? 1854 ಮತ್ತು 55ರಲ್ಲಿ ಇಲ್ಲಿನ ಬುಡಕಟ್ಟುಗಳು ನೆಲ ಬಿಟ್ಟುಕೊಟ್ಟ ಒಪ್ಪಂದಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಆಮೇಲೆ ನೂರು ವರ್ಷ ಅವರನ್ನೇ ಕಳ್ಳಬೇಟೆ ಅಂತ ಹಿಡಿದು ಜೈಲಿಗೆ ಹಾಕುತ್ತಿದ್ದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರ್ಯಾಂಕ್ ಜೂನಿಯರ್ ಮೊದಲ ಸಲ ಬಂಧನವಾದಾಗ ಅವರಿಗೆ 14 ವರ್ಷ. ಒಟ್ಟು 50ಕ್ಕಿಂತ ಜಾಸ್ತಿ ಸಲ ಬಂಧನವಾಯಿತು. 1974ರ ಫೆಬ್ರವರಿ 12ರಂದು ಜಡ್ಜ್ ಜಾರ್ಜ್ ಬೋಲ್ಟ್ ಅವರು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳಿಗೆ ಸೇರಬೇಕು ಅಂತ ತೀರ್ಪು ಕೊಟ್ಟರು. ಸರಿ, ಅರ್ಧ ಪಾಲು ಬಂತು, ಮೀನೇ ಇಲ್ಲದಿದ್ದರೆ ಅರ್ಧ ತಗೊಂಡು ಏನು ಮಾಡುವುದು? ಅದನ್ನೇ ಹಿಡಿದು 2001ರಲ್ಲಿ 21 ಬುಡಕಟ್ಟುಗಳು ರಾಜ್ಯದ ಮೋರಿಗಳ ಮೇಲೆ ಕೋರ್ಟಿಗೆ ಹೋದವು. 2013ರಲ್ಲಿ ಆದೇಶ ಬಂತು. ರಾಜ್ಯ ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2018ರಲ್ಲಿ ಅಲ್ಲಿ ನಾಲ್ಕಕ್ಕೆ ನಾಲ್ಕು ಸಮ ಬಿದ್ದು ಕೆಳಗಿನ ತೀರ್ಪೇ ನಿಂತಿತು. ಅದರ ಪ್ರಕಾರ ಹೆದ್ದಾರಿ ಮೋರಿಗಳಿಂದ ಮುಚ್ಚಿಹೋದ ನೆಲೆಯಲ್ಲಿ ಶೇ 90ರಷ್ಟನ್ನು ರಾಜ್ಯ 2030ರೊಳಗೆ ತೆರೆಯಬೇಕು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನೀವು ಶಾಸಕರ ಹತ್ತಿರ ಹೋಗುವಾಗ ಖಾಲಿ ಜಾಗಕ್ಕೆ ಹೋಗುತ್ತಿಲ್ಲ. ನಿಮಗಿಂತ ಮೊದಲು ನೂರೈವತ್ತು ವರ್ಷದಿಂದ ಕೇಳುತ್ತಾ ಬಂದವರಿದ್ದಾರೆ, ಅವರ ಕೈಯಲ್ಲಿ ಒಪ್ಪಂದ ಇದೆ, ಕೋರ್ಟ್ ಆದೇಶ ಇದೆ, ಅವರದೇ ಮೀನು ವಿಜ್ಞಾನಿಗಳಿದ್ದಾರೆ. ನಿಮ್ಮ ಕಡೆಯ ಹೊಳೆಯ ಬಗ್ಗೆ ಬುಡಕಟ್ಟುಗಳು ಈ ವರ್ಷ ಏನು ಕೇಳುತ್ತಿವೆ ಅಂತ ಮೊದಲು ಓದಿ. ನಮ್ಮವರು ಕೆಲವರು ಹೊಸದಾಗಿ ಉತ್ಸಾಹದಿಂದ ಶುರು ಮಾಡಿ ತಾವೇ ಸಾಲ್ಮನ್ ಕಂಡುಹಿಡಿದವರ ಹಾಗೆ ಮಾತಾಡುತ್ತಾರೆ, ಕೇಳಲು ನನಗೇ ಮುಜುಗರ ಆಗುತ್ತದೆ.

ಈಗ ತೂತು ಎಲ್ಲಿದೆ ನೋಡಿ. ಕೋರ್ಟ್ ಆದೇಶ ರಾಜ್ಯದ ಮೋರಿಗಳಿಗೆ ಮಾತ್ರ. ಅದೇ ಹಳ್ಳದ ಮೇಲೆ ಸಿಟಿಯದ್ದು, ಕೌಂಟಿಯದ್ದು, ಖಾಸಗಿಯವರದ್ದು ಅಂತ ಇನ್ನೂ ನಾಲ್ಕು ಮೋರಿ ಇರುತ್ತವೆ. ರಾಜ್ಯ ಹೆದ್ದಾರಿ ಅಗೆದು ಕೋಟಿಗಟ್ಟಲೆ ಡಾಲರ್ ಹಾಕಿ ಒಂದು ಮೋರಿ ತೆಗೆದು ಸೇತುವೆ ಮಾಡುತ್ತದೆ, ಅರ್ಧ ಮೈಲಿ ಮೇಲೆ ಕೌಂಟಿಯ ಪೈಪು ಹಾಗೇ ಕೂತಿರುತ್ತದೆ. ಈ ಉಳಿದವಕ್ಕೆ ಅಂತಲೇ 2014ರಲ್ಲಿ ಶಾಸನಸಭೆ ಒಂದು ಮಂಡಳಿ ಮಾಡಿತು, ಬ್ರಯನ್ ಅಬಾಟ್ ಫಿಶ್ ಬ್ಯಾರಿಯರ್ ರಿಮೂವಲ್ ಬೋರ್ಡ್. ಯಾವ ಮೋರಿ ತೆಗೆದರೆ ಜಾಸ್ತಿ ಹಳ್ಳ ತೆರೆಯುತ್ತದೆ ಅಂತ ಲೆಕ್ಕ ಹಾಕಿ ಅವರು ಪಟ್ಟಿ ಕೊಡುತ್ತಾರೆ. ಅದಕ್ಕೆ ಎಷ್ಟು ದುಡ್ಡು ಅನ್ನುವುದು ಪ್ರತಿ ಬಜೆಟ್ಟಿನಲ್ಲೂ ಹೊಸದಾಗಿ ನಿರ್ಧಾರವಾಗಬೇಕು. ಕೋರ್ಟಿನ ಕೋಲು ಇದರ ಮೇಲಿಲ್ಲ, ಹಾಗಾಗಿ ಮುಗ್ಗಟ್ಟಿನ ವರ್ಷ ಮೊದಲು ಕತ್ತರಿ ಬೀಳುವ ಭಯ ಇದಕ್ಕೇ. ನಿಮ್ಮ ದನಿ ಬೇಕಾಗಿರುವುದು ಇಲ್ಲಿ.

ನಿಮ್ಮ ಹತ್ತಿರದ ಮೋರಿ ಹುಡುಕುವುದು ಸುಲಭ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ನಕ್ಷೆ ಆನ್‌ಲೈನ್‌ನಲ್ಲಿದೆ. ಮೋರಿಯ ಚುಕ್ಕಿ ಒತ್ತಿದರೆ ಅದು ಯಾರದ್ದು, ಮೀನಿಗೆ ದಾಟಲು ಎಷ್ಟು ಸಾಧ್ಯ ಅಂತ ಸೊನ್ನೆ, 33, 67 ಅಥವಾ 100 ಅಂತ ಬರುತ್ತದೆ. ಸೊನ್ನೆ ಅಂದರೆ ಪೂರ್ತಿ ಬಂದ್. ನಿಮ್ಮ ಮನೆಯಿಂದ ಒಂದೆರಡು ಮೈಲಿಯೊಳಗೆ ಸೊನ್ನೆಯದ್ದೊಂದು ಸಿಕ್ಕರೆ ಮಗಳ ಜೊತೆ ಗಂಬೂಟು ಹಾಕಿಕೊಂಡು ಹೋಗಿ ಫೋಟೋ ತೆಗೆಯಿರಿ. ಖಾಸಗಿ ಜಾಗವಾದರೆ ರಸ್ತೆಯಿಂದಲೇ ತೆಗೆಯಿರಿ, ಬೇಲಿ ಹಾರಬೇಡಿ.

ಇನ್ನು ಟೈರಿನ ಕಥೆ. ಸಿಯಾಟಲ್ ಪಶ್ಚಿಮದಲ್ಲಿ ಲಾಂಗ್‌ಫೆಲೋ ಕ್ರೀಕ್ ಅನ್ನುವ ಹಳ್ಳ ಇದೆ. ಮಳೆಗಾಲದ ಮೊದಲ ಮಳೆ ಬಿದ್ದ ದಿನ ಕೋಹೋ ಮೀನು ಅಲ್ಲಿಗೆ ಬಂದು, ಮೊಟ್ಟೆ ಇಡುವ ಮುಂಚೆಯೇ ತಲೆ ಸುತ್ತಿದ ಹಾಗೆ ನೀರಿನ ಮೇಲ್ಭಾಗದಲ್ಲಿ ಬಾಯಿ ಬಿಟ್ಟು ಸುತ್ತಿ ಸುತ್ತಿ ಕೆಲವೇ ಗಂಟೆಯಲ್ಲಿ ಸಾಯುತ್ತಿದ್ದವು. ಹೊಟ್ಟೆ ಕೊಯ್ದರೆ ಮೊಟ್ಟೆ ಹಾಗೇ ತುಂಬಿರುತ್ತಿತ್ತು. ವರ್ಷಗಟ್ಟಲೆ ಕಾರಣ ಗೊತ್ತಾಗಲಿಲ್ಲ. ಟಕೋಮ ಮತ್ತು ಪ್ಯುಆಲಪ್‌ನ ವಿಶ್ವವಿದ್ಯಾಲಯ ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಕಾರಣ ಪ್ರಕಟಿಸಿದರು. ಟೈರಿನ ರಬ್ಬರು ಬಿರುಕು ಬಿಡದಿರಲಿ ಅಂತ 6ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಕೋಹೋಗೆ ವಿಷ ಇದೇ. ಟೈರು ಸವೆದ ಪುಡಿ ರಸ್ತೆಯಲ್ಲಿ ಕೂತಿರುತ್ತದೆ, ಮಳೆ ಬಂದರೆ ಹಳ್ಳಕ್ಕೆ. ಎಲೆಕ್ಟ್ರಿಕ್ ಕಾರು ತಗೊಂಡರೆ ಇದು ತಪ್ಪುವುದಿಲ್ಲ, ಅದಕ್ಕೂ ಟೈರೇ ತಾನೇ.

ಇದರಲ್ಲಿ ನನಗೆ ಸಮಾಧಾನ ಕೊಡುವ ಸಂಗತಿ ಒಂದಿದೆ. ಅದೇ ರಸ್ತೆ ನೀರನ್ನು ಮರಳು ಮತ್ತು ಕಾಂಪೋಸ್ಟ್ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಇಳಿಸಿ ಬಿಟ್ಟರೆ ಮೀನು ಬದುಕುತ್ತದೆ. ದೊಡ್ಡ ಯಂತ್ರ ಏನೂ ಇಲ್ಲ, ರಸ್ತೆ ಬದಿ ಒಂದು ತಗ್ಗು, ಅದರಲ್ಲಿ ಈ ಮಣ್ಣು, ಮೇಲೆ ಗಿಡ. ಹೊಸ ಬಡಾವಣೆಗೆ ಇಂಥ ನಿಯಮ ಇವೆ. ಹಳೆ ರಸ್ತೆಗಳಿಗೆ ಮಾಡಿಸಬೇಕು ಅಂದರೆ ಯಾರೋ ದುಡ್ಡು ಹಾಕಬೇಕು, ಅದು ನಿಮ್ಮ ಎರಡನೇ ಬೇಡಿಕೆ ಆಗಬಹುದು. ಟೈರಿಗೇ ಬೇರೆ ರಾಸಾಯನಿಕ ಹಾಕಿಸುವ ಜಗ್ಗಾಟ ಬೇರೆ ಮಟ್ಟದಲ್ಲಿ ನಡೆದಿದೆ. ಯೂರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪ್ಯುಆಲಪ್ ಎಂಬ ಮೂರು ಬುಡಕಟ್ಟುಗಳು ಫೆಡರಲ್ ಪರಿಸರ ಸಂಸ್ಥೆಗೆ ಅರ್ಜಿ ಹಾಕಿದವು, 2023ರಲ್ಲಿ ಸಂಸ್ಥೆ ಅದನ್ನು ಒಪ್ಪಿಕೊಂಡು ನಿಯಮ ಮಾಡುವ ಕೆಲಸ ಶುರು ಮಾಡಿತು. ಅರ್ಜಿ ಅನ್ನುವುದು ಸುಮ್ನೆ ಅಲ್ಲ ನೋಡಿ.

ಯಾರನ್ನು ಕೇಳಬೇಕು ಅನ್ನುವುದಕ್ಕೆ ಬರೋಣ. ರಾಜ್ಯದಲ್ಲಿ 49 ಕ್ಷೇತ್ರ. ಒಂದೊಂದಕ್ಕೆ ಒಬ್ಬ ಸೆನೆಟರ್, ಇಬ್ಬರು ಪ್ರತಿನಿಧಿಗಳು. ಅಂದರೆ ನಿಮ್ಮ ವಿಳಾಸಕ್ಕೆ ಮೂವರು ಶಾಸಕರು. ಶಾಸನಸಭೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಹೆಸರು ಬರುತ್ತದೆ. ಅವರಲ್ಲಿ ಯಾರು ಯಾವ ಸಮಿತಿಯಲ್ಲಿದ್ದಾರೆ ನೋಡಿ, ಯಾಕೆಂದರೆ ಇಲ್ಲಿ ಬಜೆಟ್ ಒಂದಲ್ಲ, ಮೂರು. ದಿನನಿತ್ಯದ ಖರ್ಚಿಗೆ ಒಂದು, ಕಟ್ಟಡ ಮತ್ತು ಭೂಮಿ ಕೆಲಸಕ್ಕೆ ಕ್ಯಾಪಿಟಲ್ ಬಜೆಟ್ ಒಂದು, ರಸ್ತೆ ಸಾರಿಗೆಗೆ ಒಂದು. ರಾಜ್ಯ ಹೆದ್ದಾರಿಯ ಮೋರಿ ಸಾರಿಗೆ ಬಜೆಟ್ಟಿನಲ್ಲಿದೆ. ಅಬಾಟ್ ಮಂಡಳಿ, ಸಾಲ್ಮನ್ ರಿಕವರಿ ಫಂಡಿಂಗ್ ಬೋರ್ಡ್, ಅಳಿವೆ ಸರಿಪಡಿಸುವ ಕಾರ್ಯಕ್ರಮ, ಇವೆಲ್ಲ ಕ್ಯಾಪಿಟಲ್ ಬಜೆಟ್ಟಿನವು. ಸಾರಿಗೆ ಸಮಿತಿಯವರ ಹತ್ತಿರ ಹೋಗಿ ಅಳಿವೆ ದುಡ್ಡು ಕೇಳಿದರೆ, ಪೋಸ್ಟ್ ಆಫೀಸಿನಲ್ಲಿ ರೇಷನ್ ಕೇಳಿದ ಹಾಗೆ. ನಾನೂ ಕೇಳಿದ್ದೇನೆ, ನಕ್ಕು ಬಾಗಿಲು ತೋರಿಸಿದರು.

ಕಾಲವೂ ಮುಖ್ಯ. ಅಧಿವೇಶನ ಜನವರಿಯ ಎರಡನೇ ಸೋಮವಾರ ಶುರು. ಬೆಸ ವರ್ಷ 105 ದಿನ, ಸಮ ವರ್ಷ 60 ದಿನ. ಎರಡು ವರ್ಷದ ದೊಡ್ಡ ಬಜೆಟ್ ಬೆಸ ವರ್ಷದಲ್ಲಿ, ಸಮ ವರ್ಷ ತೇಪೆ ಹಾಕುವುದು ಮಾತ್ರ. ಅಧಿವೇಶನ ನಡೆಯುವಾಗ ಶಾಸಕರಿಗೆ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ, ಹತ್ತು ನಿಮಿಷ ಸಿಕ್ಕರೆ ಪುಣ್ಯ. ಬೇಸಿಗೆಯಿಂದ ನವೆಂಬರ್‌ವರೆಗೆ ಅವರು ಊರಲ್ಲೇ ಇರುತ್ತಾರೆ, ಅರ್ಧ ಗಂಟೆ ಕಾಫಿಗೆ ಸಿಗುತ್ತಾರೆ, ಮೋರಿ ನೋಡಲು ಕರೆದರೆ ಬರುವವರೂ ಇದ್ದಾರೆ. ಅಕ್ಟೋಬರಿನ ಕೊನೆಗೆ, ಮಳೆ ಬಿದ್ದ ಮಾರನೇ ದಿನ, ಮೀನು ಗುದ್ದಾಡುತ್ತಿರುವಾಗ ಒಬ್ಬ ಶಾಸಕರನ್ನು ಹಳ್ಳದ ಪಕ್ಕ ನಿಲ್ಲಿಸಿದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು.

ಸಮಿತಿಯ ಮುಂದೆ ಹೇಳಿಕೆ ಕೊಡಲು ಒಲಿಂಪಿಯಕ್ಕೆ ಹೋಗಲೇಬೇಕು ಅಂತಿಲ್ಲ, ಝೂಮ್‌ನಲ್ಲಿ ಕೊಡಬಹುದು. ವಿಚಾರಣೆ ಶುರುವಾಗುವ ಒಂದು ಗಂಟೆ ಮುಂಚೆ ಹೆಸರು ಕೊಟ್ಟಿರಬೇಕು. ಮಾತಾಡಲು ಹಿಂಜರಿಕೆ ಇದ್ದರೆ 'ಪರ' ಅಂತ ಗುರುತು ಮಾತ್ರ ಹಾಕಬಹುದು, ಅಥವಾ ವಿಚಾರಣೆ ಶುರುವಾದ 24 ಗಂಟೆಯೊಳಗೆ ಬರೆದು ಕಳಿಸಬಹುದು. ಒಂದು ನಿಮಿಷಕ್ಕೆ ತಯಾರಾಗಿ. ಎರಡು ಕೊಟ್ಟರೆ ಲಾಭ.

ಎದುರು ವಾದ ಬರುತ್ತದೆ. ಅದನ್ನು ಕೆಟ್ಟವರ ಮಾತು ಅಂತ ತಳ್ಳಬೇಡಿ. 2022ರಲ್ಲಿ ಇಲ್ಲಿ ಒಂದು ಮಸೂದೆ ಬಂತು, ಸ್ವಿನೋಮಿಶ್ ಬುಡಕಟ್ಟಿನ ಮುಖಂಡರಾಗಿದ್ದ ಲೊರೇನ್ ಲೂಮಿಸ್ ಅವರ ಹೆಸರಿನಲ್ಲಿ. ಹೊಳೆಯ ದಡದಲ್ಲಿ ಮರ ಬೆಳೆಯಲು ಇಷ್ಟು ಅಗಲ ಜಾಗ ಬಿಡಲೇಬೇಕು ಅಂತ. ನೆರಳಿದ್ದರೆ ನೀರು ತಂಪಾಗಿರುತ್ತದೆ, ಮೀನಿಗೆ ತಂಪು ನೀರು ಬೇಕು, ವಿಜ್ಞಾನ ಸರಿಯಾಗೇ ಇತ್ತು. ರೈತರು ತಿರುಗಿಬಿದ್ದರು. ಸ್ಕ್ಯಾಜಿಟ್ ಕಣಿವೆಯಲ್ಲಿ ಹೊಳೆ ಪಕ್ಕದ ನಾಲ್ಕು ಎಕರೆಯೇ ಒಬ್ಬನ ಒಳ್ಳೆಯ ನೆಲ ಆಗಿರಬಹುದು, ಅದನ್ನು ಬಿಡು ಅಂದರೆ ಯಾರು ಸುಮ್ಮನಿರುತ್ತಾರೆ, ನಮ್ಮೂರಿನಲ್ಲಿ ಇರುತ್ತಾರಾ? ಮಸೂದೆ ಬಿದ್ದುಹೋಯಿತು. ನನ್ನ ಪ್ರಕಾರ ಅದು ಬಿದ್ದದ್ದು ವಿಜ್ಞಾನ ಕಡಿಮೆಯಾಗಿ ಅಲ್ಲ, ನೆಲದವರ ಜೊತೆ ಮೊದಲೇ ಕೂತು ಪರಿಹಾರದ ಮಾತು ಮುಗಿಸದೇ ಹೋಗಿದ್ದಕ್ಕೆ. ಈ ಅಭಿಪ್ರಾಯ ಒಪ್ಪದ ಗೆಳೆಯರು ನನಗೆ ಬೇಕಾದಷ್ಟಿದ್ದಾರೆ. ಮೋರಿಯ ಗುಣ ಏನೆಂದರೆ ಅಲ್ಲಿ ಯಾರ ಗದ್ದೆಯೂ ಹೋಗುವುದಿಲ್ಲ, ಪ್ರವಾಹಕ್ಕೂ ಒಳ್ಳೆಯದು, ಹಾಗಾಗಿ ಎರಡೂ ಪಕ್ಷದವರೂ ಕೇಳಿಸಿಕೊಳ್ಳುತ್ತಾರೆ.

ಶಾಸಕರು ಸೀಲ್ ಮತ್ತು ಸೀ ಲಯನ್ ಮೀನು ತಿನ್ನುವುದರ ಬಗ್ಗೆ ಕೇಳಬಹುದು, ಹ್ಯಾಚರಿ ಸಾಲದಾ ಅನ್ನಬಹುದು, ಸ್ನೇಕ್ ನದಿಯ ನಾಲ್ಕು ಅಣೆಕಟ್ಟಿನ ಬಗ್ಗೆ ನಿಮ್ಮ ನಿಲುವೇನು ಅಂತ ಎಳೆಯಬಹುದು. ಕೊನೆಯದಕ್ಕೆ ಕೈ ಹಾಕಬೇಡಿ, ಅದು ರಾಜ್ಯದ ಪೂರ್ವದ್ದು, ಅದನ್ನು ಒಡೆಯಲು ಕಾಂಗ್ರೆಸ್ಸಿನ (ಅಂದರೆ ಅಮೆರಿಕದ ಸಂಸತ್ತಿನ) ಒಪ್ಪಿಗೆ ಬೇಕು, ನಿಮ್ಮ ಹತ್ತು ನಿಮಿಷ ಅದರಲ್ಲೇ ಮುಳುಗುತ್ತದೆ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನಾಳೆ ಕೇಳಿ ಬರೆಯುತ್ತೇನೆ" ಅನ್ನಿ. ಆಮೇಲೆ ನಿಜವಾಗಲೂ ಮಾರನೇ ದಿನ ಬರೆಯಿರಿ. ಹಾಗೆ ಬರೆಯುವವರು ಕಡಿಮೆ, ಸಹಾಯಕರು ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ಫಲ ಯಾವಾಗ ಬರುತ್ತದೆ ಅನ್ನುವುದು ಹೇಳಲಾಗದು. 2017ರ ಆಗಸ್ಟಿನಲ್ಲಿ ಸೈಪ್ರೆಸ್ ದ್ವೀಪದ ಹತ್ತಿರ ಮೀನು ಸಾಕುವ ಬಲೆ ಕುಸಿದು ಲಕ್ಷಗಟ್ಟಲೆ ಅಟ್ಲಾಂಟಿಕ್ ಸಾಲ್ಮನ್ ತಪ್ಪಿಸಿಕೊಂಡವು, ಮುಂದಿನ ವರ್ಷವೇ ಹೊರಗಿನ ಜಾತಿಯ ಮೀನು ಸಾಕಣೆಗೆ ಶಾಸನಸಭೆ ನಿಷೇಧ ಹಾಕಿತು. ಎಲ್ವಾ ನದಿಯದ್ದು ತದ್ವಿರುದ್ಧ. ಎರಡು ಅಣೆಕಟ್ಟಿನಿಂದ ಆ ಹೊಳೆಯನ್ನು ಬಿಡಿಸುವ ಕಾನೂನು ಕಾಂಗ್ರೆಸ್ಸಿನಲ್ಲಿ 1992ರಲ್ಲೇ ಪಾಸಾಯಿತು, ಮೊದಲ ಅಣೆಕಟ್ಟಿಗೆ ಸುತ್ತಿಗೆ ಬಿದ್ದದ್ದು 2011ರಲ್ಲಿ, ಮುಗಿದದ್ದು 2014ರಲ್ಲಿ. ನಡುವಿನ ಹತ್ತೊಂಬತ್ತು ವರ್ಷ ವರ್ಷವೂ ಯಾರೋ ಹೋಗಿ ದುಡ್ಡು ಕೇಳುತ್ತಲೇ ಇದ್ದರು. ನಿಸ್ಕ್ವಾಲಿ ಅಳಿವೆಯಲ್ಲಿ 2009ರಲ್ಲಿ ಒಡ್ಡು ತೆಗೆದು 762 ಎಕರೆಗೆ ಉಬ್ಬರದ ನೀರು ಬಿಟ್ಟರು. ಅಲ್ಲಿ ಮರದ ಹಲಗೆಯ ಕಾಲುದಾರಿ ಇದೆ, ಮಗಳನ್ನು ಕರೆದುಕೊಂಡು ಹೋಗಿ. ಉಬ್ಬರ ಇಳಿತದ ಸಮಯ ನೋಡಿಕೊಂಡು ಹೋಗಿ, ಇಳಿದಾಗ ಹೋದರೆ ಕೆಸರು ಮಾತ್ರ ಕಾಣುತ್ತದೆ, "ಇದಕ್ಕಾ ಇಷ್ಟು ದೂರ" ಅನ್ನುತ್ತಾಳೆ.

ಫೆಡರಲ್ ಮಟ್ಟವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಸಾಲ್ಮನ್ ರಾಜ್ಯಗಳಿಗೆ ಅಂತ 2000ದಿಂದ ಕಾಂಗ್ರೆಸ್ ಒಂದು ನಿಧಿ ಇಟ್ಟಿದೆ, 2021ರ ಮೂಲಸೌಕರ್ಯ ಕಾನೂನಿನಲ್ಲಿ ಮೋರಿಗಳಿಗೇ ಐದು ವರ್ಷಕ್ಕೆ 100 ಕೋಟಿ ಡಾಲರ್ ಇಟ್ಟರು. ಅಂಥವು ಮುಂದುವರಿಯಲಿ ಅಂತ ಸಂಸದರ ಸ್ಥಳೀಯ ಕಚೇರಿಗೆ ಒಂದು ಫೋನ್ ಸಾಕು.

ಪತ್ರ ಹೀಗಿರಲಿ. ಮೊದಲ ಸಾಲು ನಿಮ್ಮ ಊರು, ಎಷ್ಟು ವರ್ಷದಿಂದ ಇದ್ದೀರಿ. ಎರಡನೇದು ಮಗಳ ಜೊತೆ ಮೋರಿ ನೋಡಿದ್ದು, ಎಲ್ಲಿ, ಯಾರದ್ದು, ನಕ್ಷೆಯಲ್ಲಿ ಎಷ್ಟು ಅಂಕ. ಮೂರನೇದು ಬೇಡಿಕೆ, ಒಂದೇ ವಾಕ್ಯ: ಕ್ಯಾಪಿಟಲ್ ಬಜೆಟ್ಟಿನಲ್ಲಿ ಅಬಾಟ್ ಮಂಡಳಿಯ ಪಟ್ಟಿಗೆ ಪೂರ್ತಿ ದುಡ್ಡು ಕೊಡಿ. ನಾಲ್ಕನೇದು, ಹಳ್ಳದ ಹತ್ತಿರ ಬಂದು ನೋಡಲು ಅರ್ಧ ಗಂಟೆ ಕೊಡ್ತೀರಾ ಅಂತ. ಫೋಟೋ ಒಂದೇ ಇರಲಿ. ರೆಡಿಮೇಡ್ ಪತ್ರದ ಬಟನ್ ಒತ್ತುವ ಸಂಸ್ಥೆಗಳಿವೆ, ಅವು ಬೇಡ ಅನ್ನುವುದಿಲ್ಲ, ಆದರೆ ಒಂದೇ ಥರದ ಮುನ್ನೂರು ಇಮೇಲ್ ಬಂದರೆ ಸಹಾಯಕರು ಎಣಿಸಿ ಒಂದು ಸಂಖ್ಯೆ ಬರೆದಿಡುತ್ತಾರೆ ಅಷ್ಟೇ. ಮೂವರು ಶಾಸಕರಿಗೂ ಬೇರೆ ಬೇರೆಯಾಗಿ ಕಳಿಸಿ. ಎರಡು ವಾರ ಉತ್ತರ ಬರದಿದ್ದರೆ ಕಚೇರಿಗೆ ಫೋನ್ ಮಾಡಿ. ಎತ್ತುವುದು ಸಹಾಯಕರೇ, ಅವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅವರ ಹೆಸರಿಗೇ ಬರೆಯಿರಿ.